ಎಡಮೂಲೆಯ ಹುಡುಗಿ

ಪಟ್ಟಿ ಬಂದದ್ದು ಒಂದು ಸಂಜೆ. ಮೊದಲಾಗಿದ್ದರೆ ಇಂಥ ಪಟ್ಟಿಯನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಗುಂಡುಸೂಜಿ ಚುಚ್ಚಿ ಹಾಕುತ್ತಿದ್ದರು. ಹುಡುಗ ಹುಡುಗಿಯರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಹೆಸರು ಹುಡುಕುತ್ತಿದ್ದರು. ಈಗ ಅದು ಮೊಬೈಲಿಗೇ ಬರುತ್ತದೆ. ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಮಹಿಳಾ ಕಬಡ್ಡಿ ಪಂದ್ಯಾವಳಿಗೆ ಹೊರಡುವ ವಿಶ್ವವಿದ್ಯಾಲಯ ತಂಡದ ಪಟ್ಟಿಯಲ್ಲಿ 12 ಹೆಸರುಗಳಿದ್ದವು. ಒಂಬತ್ತನೆಯದು ನಾಗಸಂದ್ರದ ಈ ಹುಡುಗಿಯದು. ಬಿ.ಎಸ್ಸಿ. ಎರಡನೆಯ ವರ್ಷ, ಭೌತಶಾಸ್ತ್ರ ಮತ್ತು ಗಣಿತ.

ಆಕೆ ಮೆಟ್ರೋ ಇಳಿದು ಮನೆ ತಲುಪುವಷ್ಟರಲ್ಲಿ ಆ ಹೆಸರನ್ನು ಹತ್ತು ಸಲವಾದರೂ ಓದಿಕೊಂಡಿದ್ದಳು. ಮನೆಯಲ್ಲಿ ಸುದ್ದಿ ಹೇಳಿದಾಗ ತಾತ "ಭೇಷ್!" ಎಂದರು. ಅಮ್ಮ, "ಯಾವ ಊರಿಗೆ ಹೋಗ್ಬೇಕು? ಜೊತೆಗೆ ಯಾರಿರ್ತಾರೆ?" ಎಂದು ಕೇಳಿದಳು. ಅಪ್ಪ ಮಾತ್ರ ಕೈ ತೊಳೆದುಕೊಂಡು ಬಂದು, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸಿದ. ತಮಿಳುನಾಡಿನ ಒಂದು ಊರಿನಲ್ಲಿ ಪಂದ್ಯಾವಳಿ. ಹೋಗಿ ಬರುವುದೂ ಸೇರಿ ಏಳು ದಿನ. ಆ ಏಳರಲ್ಲಿ ಐದನೆಯ ದಿನದ ಸುತ್ತ ಹುಡುಗಿಯೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಟ್ಟಿದ್ದಳು: ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ.

"ಪ್ರಾಕ್ಟಿಕಲ್ ಬಿಟ್ಟು ಹೋಗ್ತೀಯಾ?" ಎಂದು ಅಪ್ಪ ಕೇಳಿದ. ಹುಡುಗಿ ಉತ್ತರ ಹೇಳಲಿಲ್ಲ. ಆ ರಾತ್ರಿ ಊಟದ ಹೊತ್ತಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಇಂಥ ರಾತ್ರಿ ಆಡುವ ಮಕ್ಕಳಿರುವ ಮನೆಗಳಿಗೆಲ್ಲ ಒಂದಲ್ಲ ಒಂದು ದಿನ ಬರುತ್ತದೆ. ಆಟ ಬೇಡವೆನ್ನುವ ತಂದೆತಾಯಿ ಆಟದ ವೈರಿಗಳಲ್ಲ. ಒಂದು ಸೆಮಿಸ್ಟರ್ ತಪ್ಪಿದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ತಂಡದ ಪಟ್ಟಿಯಲ್ಲಿ ಹೆಸರು ಬಂದರೆ ಏನಾಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದಕ್ಕಾಗಿ ಗೊತ್ತಿರುವುದನ್ನು ಬಿಡಲು ಯಾರಿಗಾದರೂ ಧೈರ್ಯ ಬರುವುದು ಕಷ್ಟವೇ.

ನಾಗಸಂದ್ರ ಎಂದರೆ ಇಂದಿನವರಿಗೆ ನೆನಪಾಗುವುದು ಮೆಟ್ರೋ. 2015ರ ಮೇ ತಿಂಗಳಿಂದ 2024ರ ನವೆಂಬರಿನಲ್ಲಿ ಮಾದಾವರದವರೆಗೆ ರೈಲು ಹೋಗುವ ತನಕ ಹಸಿರು ಮಾರ್ಗದ ಕೊನೆಯ ನಿಲ್ದಾಣ ಇದೇ ಆಗಿತ್ತು. ತಾತನ ನೆನಪಿನ ನಾಗಸಂದ್ರ ಬೇರೆ. ಅಲ್ಲಿ ರಾಗಿ ಹೊಲಗಳಿದ್ದವು. ಸುಗ್ಗಿ ಮುಗಿದ ಮೇಲೆ ಸೆಗಣಿ ಸಾರಿಸಿದ ಕಣ ಖಾಲಿ ಬಿದ್ದಿರುತ್ತಿತ್ತು. ಬೆಳದಿಂಗಳ ರಾತ್ರಿಗಳಲ್ಲಿ ಊರ ಹುಡುಗರು ಅದರ ನಡುವೆ ಬೂದಿಯಿಂದ ಗೆರೆ ಎಳೆದು ಕಬಡ್ಡಿ ಆಡುತ್ತಿದ್ದರು. ತಾತ ಹಾಗೆ ಆಡುತ್ತ ಆಡುತ್ತ ಕಾಲೇಜು ತಂಡ ಸೇರಿದರು. ಆ ಆಟದ ಪ್ರಮಾಣಪತ್ರ ಹಿಡಿದುಕೊಂಡು 1974ರಲ್ಲಿ ಹತ್ತಿರದ ಒಂದು ದೊಡ್ಡ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. ಆಗ ಬೆಂಗಳೂರಿನ ದೊಡ್ಡ ಕಾರ್ಖಾನೆಗಳಿಗೆಲ್ಲ ತಮ್ಮವೇ ತಂಡಗಳಿದ್ದವು. ಹಗಲು ಮೆಷಿನ್, ಸಂಜೆ ಮೈದಾನ. ಕಾರ್ಖಾನೆ ಕೊಟ್ಟ ನೀಲಿ ಬ್ಲೇಜರು ಇಂದಿಗೂ ತಾತನ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆಯೊಡನೆ ಮಡಿಸಿದ್ದು ಮಡಿಸಿದಂತೆಯೇ ಇದೆ. ಕಾರ್ಖಾನೆ ಮಾತ್ರ ಇಲ್ಲ.

"ನೋಡು, ಈ ಕಾಗದ ನನಗೆ ಮೂವತ್ತು ವರ್ಷ ಅನ್ನ ಹಾಕಿತು" ಎಂದು ತಾತ ಮರುದಿನ ಬೆಳಿಗ್ಗೆ ಟ್ರಂಕು ತೆಗೆದು ಆ ಹಳೆಯ ಪ್ರಮಾಣಪತ್ರವನ್ನು ಮಗನ ಮುಂದೆ ಹಿಡಿದರು.

"ನಿಮ್ಮ ಕಾಲ ಬೇರೆ ಅಪ್ಪಾ" ಎಂದ ಆತ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆತ ಇಪ್ಪತ್ತೆರಡು ವರ್ಷದಿಂದ ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದಾನೆ. ಲೇತಿನ ಮುಂದೆ ಟರ್ನರ್ ಆಗಿ ನಿಂತವನು ಈಗ ಸಿ.ಎನ್.ಸಿ. ವಿಭಾಗದ ಮೇಲ್ವಿಚಾರಕ. ಕಬಡ್ಡಿ ಆಡಿ ಕೆಲಸಕ್ಕೆ ಬಂದ ಒಬ್ಬನನ್ನೂ ಆತ ಅಲ್ಲಿ ನೋಡಿಲ್ಲ.

ಹುಡುಗಿಯ ಆಟದ ಬಗ್ಗೆ ಒಂದು ಮಾತು ಹೇಳಬೇಕು. ಆಕೆ ರೈಡರ್ ಅಲ್ಲ. ಕಬಡ್ಡಿ ನೋಡುವವರ ಕಣ್ಣು ಹೋಗುವುದು ರೈಡರ್ ಮೇಲೆ. ಆತ ಅಥವಾ ಆಕೆ ಉಸಿರು ಕಟ್ಟಿ ಒಬ್ಬಂಟಿಯಾಗಿ ಏಳು ಜನರ ನಡುವೆ ನುಗ್ಗುವುದು, 30 ಸೆಕೆಂಡಿನೊಳಗೆ ಯಾರನ್ನಾದರೂ ಮುಟ್ಟಿ ಗೆರೆ ದಾಟುವುದು ನೋಡುವುದಕ್ಕೇ ಚೆಂದ. ಹುಡುಗಿ ನಿಲ್ಲುವುದು ಎಡ ಮೂಲೆಯಲ್ಲಿ. ಆ ಜಾಗಕ್ಕೆ 'ಲೆಫ್ಟ್ ಕಾರ್ನರ್' ಎಂದೇ ಹೆಸರು. ಎದುರಾಳಿ ಕಾಲು ಚಾಚಿದ ಆ ಒಂದು ಗಳಿಗೆಯಲ್ಲಿ ಕೆಳಗೆ ಬಿದ್ದು ಪಾದದ ಗಂಟನ್ನು ಎರಡೂ ಕೈಯಿಂದ ಹಿಡಿದು ಎಳೆಯುವುದು ಆಕೆಯ ಕೆಲಸ. ಒಂದು ಗಳಿಗೆ ಮೊದಲಾದರೆ ಎದುರಾಳಿ ಮೇಲಿಂದ ಹಾರಿ ಹೋಗುತ್ತಾಳೆ, ತಡವಾದರೆ ಮುಟ್ಟಿ ಓಡುತ್ತಾಳೆ. ಸರಿಯಾಗಿ ಹಿಡಿದಾಗಲೂ ಉಳಿದ ಆರು ಜನ ಬಂದು ಮೇಲೆ ಬೀಳುವುದರಿಂದ, ಮೊದಲು ಹಿಡಿದವಳು ಯಾರೆಂಬುದು ಪ್ರೇಕ್ಷಕರಿಗೆ ಕಾಣುವುದೇ ಇಲ್ಲ. ಹೋದ ವರ್ಷದ ಕಾಲೇಜು ಪಂದ್ಯ ನೋಡಲು ಬಂದಿದ್ದ ಅಪ್ಪನೂ ಮನೆಗೆ ಬಂದು, "ನೀನು ಎಲ್ಲಿದ್ದೆ? ಒಂದು ಸಲವೂ ಆ ಕಡೆ ಹೋಗಲೇ ಇಲ್ಲವಲ್ಲ" ಎಂದು ಕೇಳಿದ್ದ. ಆ ದಿನ ಹುಡುಗಿ ಐದು ಜನರನ್ನು ಹಿಡಿದಿದ್ದಳು.

ಮನೆಯ ಈ ಮೌನ ಮುರಿದದ್ದು ದೂರದ ದೇಶದಿಂದ ಬಂದ ಒಬ್ಬ ನೆಂಟ. ಹುಡುಗಿಯ ದೊಡ್ಡಮ್ಮನ ಮಗ ಅಮೆರಿಕದ ಒಹಾಯೋದಲ್ಲಿ ಎಂ.ಎಸ್. ಮುಗಿಸಿ ಅಲ್ಲೇ ಕೆಲಸದಲ್ಲಿದ್ದವನು ದೀಪಾವಳಿಗೆಂದು ಊರಿಗೆ ಬಂದಿದ್ದ. ಮೈಮೇಲೆ ಅಲ್ಲಿನ ವಿಶ್ವವಿದ್ಯಾಲಯದ ಹೆಸರಿದ್ದ ದಪ್ಪನೆಯ ಅಂಗಿ. ಚಿಕ್ಕಪ್ಪನ ಮುಖ ನೋಡಿ ಕಾರಣ ಕೇಳಿ ತಿಳಿದುಕೊಂಡವನೇ ನಕ್ಕುಬಿಟ್ಟ. "ಚಿಕ್ಕಪ್ಪಾ, ನಮ್ಮೂರಲ್ಲಿ ಇಂಥ ಪಟ್ಟಿ ಬಂದರೆ ಹಬ್ಬ" ಎಂದ. 'ನಮ್ಮೂರು' ಎಂದರೆ ಒಹಾಯೋ ಎಂಬುದು ತಾತನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅಲ್ಲಿ ಕಾಲೇಜು ಹುಡುಗರು ಆಡುವ ಫುಟ್‌ಬಾಲ್ ನಾವು ತಿಳಿದಿರುವ ಕಾಲ್ಚೆಂಡಾಟವಲ್ಲ. ತತ್ತಿಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಅಡ್ಡ ಬಂದವರನ್ನು ತಳ್ಳುವುದು, ಹಿಡಿದು ಕೆಡವುವುದು. ಗೆರೆಯ ಆಚೆಗೆ ನುಗ್ಗಬೇಕು, ಎದುರಿನವರು ಬಿಡಬಾರದು ಎಂಬ ಲೆಕ್ಕದಲ್ಲಿ ನೋಡಿದರೆ ನಮ್ಮ ಕಬಡ್ಡಿಗೆ ಅದು ದೂರದ ನೆಂಟ. ಒಹಾಯೋದ ಆ ಒಂದು ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲೇ ಲಕ್ಷಕ್ಕೂ ಹೆಚ್ಚು ಜನ ಕೂತು ನೋಡುತ್ತಾರೆ. ವಿಶ್ವವಿದ್ಯಾಲಯಗಳು 'ಕಾನ್ಫರೆನ್ಸ್' ಎಂಬ ಕೂಟಗಳನ್ನು ಕಟ್ಟಿಕೊಂಡು ತಮ್ಮತಮ್ಮಲ್ಲಿ ಆಡುತ್ತವೆ. 1896ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಕೂಟವೊಂದು ಈಗ 'ಬಿಗ್ ಟೆನ್' ಎಂದು ಪ್ರಸಿದ್ಧವಾಗಿದೆ. ಹೆಸರಿನಲ್ಲಿ ಹತ್ತು ಇದ್ದರೂ 2024ರಿಂದ ಅದರ ಸದಸ್ಯರು 18. ಲೆಕ್ಕದ ಮೇಷ್ಟ್ರುಗಳು ಕ್ಷಮಿಸಬೇಕು.

ಋತುವಿನ ಆಟವೆಲ್ಲ ಮುಗಿದ ಮೇಲೆ ಪ್ರತಿ ಕಾನ್ಫರೆನ್ಸೂ ಒಂದು ಪಟ್ಟಿ ಹೊರಡಿಸುತ್ತದೆ. ಅದರ ಹೆಸರು 'ಆಲ್ ಕಾನ್ಫರೆನ್ಸ್'. ಇಡೀ ಕೂಟದ ಅಷ್ಟೂ ತಂಡಗಳಿಂದ ಒಂದೊಂದು ಜಾಗಕ್ಕೆ ಅತ್ಯುತ್ತಮ ಆಟಗಾರರನ್ನು ಆರಿಸಿ ಕಟ್ಟಿದ ಕಾಗದದ ಮೇಲಿನ ತಂಡ ಅದು. ಆ ತಂಡ ಯಾರ ಮೇಲೂ ಆಡುವುದಿಲ್ಲ. ಮೊದಲ ತಂಡ, ಎರಡನೆಯ ತಂಡ, ಕೆಲವು ಕಡೆ ಮೂರನೆಯದು, ಕೊನೆಗೆ 'ಗೌರವಪೂರ್ವಕ ಉಲ್ಲೇಖ' ಎಂಬ ಹೆಸರುಗಳ ಸಾಲು. ಒಂದೊಂದು ತಂಡದಲ್ಲಿ ನೂರು ಹುಡುಗರೆಂದರೂ 18 ತಂಡಗಳಲ್ಲಿ 1800 ಮಂದಿ. ಮೊದಲ ಪಟ್ಟಿಗೆ ಸೇರುವವರು ಇಪ್ಪತ್ತೈದು ಮೂವತ್ತು. ಅಂದರೆ ಅರವತ್ತು ಎಪ್ಪತ್ತು ಜನರಲ್ಲಿ ಒಬ್ಬ. ಇಡೀ ದೇಶಕ್ಕೇ ಇಂಥ ಒಂದು ತಂಡವನ್ನು 1889ರಷ್ಟು ಹಿಂದೆಯೇ ಅಲ್ಲಿನ ಒಂದು ವಾರಪತ್ರಿಕೆ ಪ್ರಕಟಿಸಿತ್ತು. ಆ ಚಾಳಿ ಅಂದಿನಿಂದ ನಿಂತಿಲ್ಲ.

"ದುಡ್ಡು ಕೊಡ್ತಾರಾ?" ಎಂದು ಅಪ್ಪ ಕೇಳಿದ.

ಈ ಪಟ್ಟಿಯಿಂದ ನೇರವಾಗಿ ದುಡ್ಡು ಬರುವುದಿಲ್ಲ. ಬಹಳ ಕಾಲ ಆ ಹುಡುಗರಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ ಮತ್ತು ಊಟ ವಸತಿ ಮಾತ್ರ. 2021ರ ಜುಲೈಯಿಂದ ತಮ್ಮ ಹೆಸರು, ಭಾವಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಲು ಅನುಮತಿ ಸಿಕ್ಕಿತು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡುವುದಕ್ಕೂ ಅವಕಾಶವಾಯಿತು. ಹಾಗಿದ್ದರೂ ಕಾಲೇಜಿನಲ್ಲಿ ಆಡಿದವರಲ್ಲಿ ವೃತ್ತಿಪರ ಲೀಗಿಗೆ ಹೋಗುವವರು ನೂರಕ್ಕೆ ಇಬ್ಬರೂ ಇಲ್ಲ. ಉಳಿದ ತೊಂಬತ್ತೆಂಟು ಮಂದಿ ಓದಿದ್ದನ್ನೇ ನಂಬಿ ಬದುಕಬೇಕು. ಅದನ್ನು ಬಲ್ಲವರಾದ್ದರಿಂದಲೇ ಅಲ್ಲಿ ಆಟ ಮತ್ತು ಅಂಕ ಎರಡನ್ನೂ ತೂಗಿ ಕೊಡುವ 'ಅಕಾಡೆಮಿಕ್ ಆಲ್ ಅಮೆರಿಕ' ಎಂಬ ಗೌರವವೂ 1952ರಿಂದ ನಡೆದುಬಂದಿದೆ.

ಅಪ್ಪ ತಲೆಯಾಡಿಸಿದ. ಆತನ ಮನಸ್ಸು ಇನ್ನೂ ಕರಗಿರಲಿಲ್ಲ. ಆದರೆ ನೆಂಟ ಮುಂದೆ ಹೇಳಿದ ಎರಡು ಸಂಗತಿಗಳಿಗೆ ಆತ ಕಿವಿಗೊಟ್ಟ.

ಒಂದು, ಆ ಪಟ್ಟಿಯಲ್ಲಿ ಜಾಗಗಳು ಮೊದಲೇ ನಿಗದಿಯಾಗಿವೆ. ಚೆಂಡು ಎಸೆಯುವವನಿಗೆ ಒಂದು, ಹಿಡಿದು ಓಡುವವರಿಗೆ ಇಷ್ಟು ಎಂದು ಇರುವಂತೆಯೇ ಮುಂಚೂಣಿಯಲ್ಲಿ ಅಡ್ಡ ನಿಲ್ಲುವ ಐವರಿಗೂ ಜಾಗವಿದೆ. ಆ ಐವರಲ್ಲಿ ಮಧ್ಯದವನು ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುತ್ತಾನೆ. ಉಳಿದ ನಾಲ್ವರು ಇಡೀ ಋತುವನ್ನು ಚೆಂಡು ಮುಟ್ಟದೆಯೇ ಕಳೆದರೂ ಆಶ್ಚರ್ಯವಿಲ್ಲ. ಎದುರಾಳಿಗಳನ್ನು ತಡೆದು, ಹಿಂದಿರುವ ತಮ್ಮವನಿಗೆ ಎರಡು ಮೂರು ಸೆಕೆಂಡು ಸಮಯ ಮಾಡಿಕೊಡುವುದಷ್ಟೇ ಅವರ ಕೆಲಸ. ಲಕ್ಷ ಜನರ ಚಪ್ಪಾಳೆ ಅವರಿಗೆ ಸಿಗುವುದು ಅಪರೂಪ. ಪಟ್ಟಿಯಲ್ಲಿ ಮಾತ್ರ ಅವರ ಜಾಗವನ್ನು ಓಡುವವನು ಕಸಿದುಕೊಳ್ಳುವಂತಿಲ್ಲ.

"ಎಡ ಮೂಲೆ ಇದ್ದ ಹಾಗೆ" ಎಂದಳು ಹುಡುಗಿ. ಆ ಸಂಜೆ ಆಕೆ ಆಡಿದ ಮೊದಲ ಮಾತು ಅದು.

ಎರಡನೆಯದು ಮತದಾನದ ರೀತಿ. ಕೆಲವು ಕಡೆ ಪತ್ರಕರ್ತರು ಆರಿಸುತ್ತಾರೆ, ಕೆಲವು ಕಡೆ ತರಬೇತುದಾರರು, ಬಿಗ್ ಟೆನ್‌ನಲ್ಲಿ ಇಬ್ಬರೂ ಬೇರೆ ಬೇರೆಯಾಗಿ. ಅಮೆರಿಕದ ಆಗ್ನೇಯ ರಾಜ್ಯಗಳ ಎಸ್‌ಇಸಿ ಎಂಬ ಕೂಟದಲ್ಲಿ ತರಬೇತುದಾರರ ಮತಕ್ಕೆ ಒಂದು ನಿಯಮವಿದೆ. ಯಾವ ತರಬೇತುದಾರನೂ ತನ್ನ ತಂಡದ ಹುಡುಗನಿಗೆ ಮತ ಹಾಕುವಂತಿಲ್ಲ. ಅಂದರೆ ಅಲ್ಲಿ ಹೆಸರು ಬರಬೇಕಾದರೆ, ನಿನ್ನನ್ನು ಸೋಲಿಸಲು ಋತುವೆಲ್ಲ ಉಪಾಯ ಹೂಡಿದವರೇ ಕೊನೆಯಲ್ಲಿ ನಿನ್ನ ಹೆಸರು ಬರೆಯಬೇಕು.

ಅಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಮ್ಮಲ್ಲೂ ಹಾಗೇ" ಎಂದ. "ಮಾಲು ಮಾಡಿದವನೇ ಪಾಸ್ ಮಾಡೋ ಹಾಗಿಲ್ಲ. ಇನ್‌ಸ್ಪೆಕ್ಷನ್‌ನವನು ಅಳೀಬೇಕು. ಅದಕ್ಕಿಂತ ಕಷ್ಟ ಕಸ್ಟಮರ್ ಇನ್‌ಸ್ಪೆಕ್ಷನ್. ಅವನು ಬಂದು ಮೈಕ್ರೋಮೀಟರ್ ಹಿಡಿದು ನಿಂತ ಅಂದರೆ ಹತ್ತು ಮೈಕ್ರಾನ್ ಕೂಡ ಬಿಡಲ್ಲ. ಅವನು ಸರಿ ಅಂದರೇನೇ ಅದು ಸರಿ." ಪೀಣ್ಯದ ಒಂದು ಶೆಡ್ಡಿನಲ್ಲಿ ಕಲಿತ ಪಾಠಕ್ಕೂ ಒಹಾಯೋದ ಲಕ್ಷ ಜನರ ಆಟಕ್ಕೂ ಇಂಥ ನಂಟಿರಬಹುದೆಂದು ಆ ಮನೆಯಲ್ಲಿ ಯಾರೂ ಊಹಿಸಿರಲಿಲ್ಲ.

ನಮ್ಮಲ್ಲಿ ಇದಕ್ಕೆ ಸಮನಾದದ್ದು ಏನೂ ಇಲ್ಲವೆಂದು ತಿಳಿಯಬಾರದು. ಭಾರತೀಯ ವಿಶ್ವವಿದ್ಯಾಲಯಗಳ ಸಂಘ 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ಎಂಬ ಹೆಸರಿನಲ್ಲಿ ಹುಟ್ಟಿದ್ದು. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳೆಲ್ಲ ಅದರ ಆಶ್ರಯದಲ್ಲೇ ನಡೆಯುತ್ತವೆ. ಕಾಲೇಜು ತಂಡಗಳ ಪಂದ್ಯಗಳನ್ನು ನೋಡಿ ವಿಶ್ವವಿದ್ಯಾಲಯ ತನ್ನ ತಂಡವನ್ನು ಆರಿಸುತ್ತದೆ. ಆ ತಂಡ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ನಾಲ್ಕು ವಲಯಗಳಲ್ಲಿ ತನ್ನದಕ್ಕೆ ಹೋಗಿ ಆಡುತ್ತದೆ. ಅಲ್ಲಿ ಗೆದ್ದವರಿಗೆ ಅಖಿಲ ಭಾರತ ಹಂತ. ಕ್ರಿಕೆಟ್ಟಿನಲ್ಲಿ ಇನ್ನೊಂದು ಹೆಜ್ಜೆಯಿದೆ. ಇಡೀ ವಲಯದ ವಿಶ್ವವಿದ್ಯಾಲಯಗಳಿಂದ ಉತ್ತಮರನ್ನು ಆರಿಸಿ ಒಂದು ವಲಯ ತಂಡ ಕಟ್ಟುತ್ತಾರೆ. ಆ ತಂಡಗಳು ಆಡುವುದು ವಿಜಯನಗರಂ ಮಹಾರಾಜಕುಮಾರರ ನೆನಪಿನ ವಿಜ್ಜಿ ಟ್ರೋಫಿಗಾಗಿ, 1966–67ರಿಂದ. ಅಮೆರಿಕದ ಆಲ್ ಕಾನ್ಫರೆನ್ಸಿಗೆ ನಮ್ಮಲ್ಲಿ ತೀರ ಹತ್ತಿರದ್ದು ಇದೇ. ವ್ಯತ್ಯಾಸವೆಂದರೆ ಅವರ ತಂಡ ಕಾಗದದ ಮೇಲೆ ಉಳಿಯುತ್ತದೆ, ನಮ್ಮದು ಅಂಗಳಕ್ಕಿಳಿಯುತ್ತದೆ.

ವಿಶ್ವವಿದ್ಯಾಲಯದ ಪರವಾಗಿ ಆಡಿದವರಿಗೆ ಕೊಡುವ 'ಬ್ಲೂ' ಎಂಬ ಗೌರವವೂ ಇದೆ. ಈ ನೀಲಿ ಬಂದದ್ದು ಇಂಗ್ಲೆಂಡಿನ ನದಿಯ ಮೇಲಿಂದ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ನಡುವಿನ ದೋಣಿ ಸ್ಪರ್ಧೆ 1829ರಲ್ಲಿ ಶುರುವಾಯಿತು. 1836ರ ಸ್ಪರ್ಧೆಯಲ್ಲಿ ಕೇಂಬ್ರಿಜ್‌ನವರು ತಮ್ಮ ದೋಣಿಗೆ ತಿಳಿನೀಲಿ ಪಟ್ಟಿ ಕಟ್ಟಿದರು. ಆಕ್ಸ್‌ಫರ್ಡಿನದು ಕಡುನೀಲಿ. ಮುಂದೆ ವಿಶ್ವವಿದ್ಯಾಲಯಕ್ಕಾಗಿ ಆಡಿದವನನ್ನೇ 'ಬ್ಲೂ' ಎಂದು ಕರೆಯತೊಡಗಿದರು. ಮೈಸೂರಾಗಲಿ ಬೆಳಗಾವಿಯಾಗಲಿ, ದೋಣಿಯೂ ಇಲ್ಲ, ಥೇಮ್ಸ್ ನದಿಯೂ ಇಲ್ಲ. ಹೆಸರು ಮಾತ್ರ ನಮ್ಮ ವಿಶ್ವವಿದ್ಯಾಲಯಗಳಿಗೂ ಬಂದು ಉಳಿಯಿತು. ಯಾರಿಗೆ ಬ್ಲೂ ಕೊಡಬೇಕು ಎಂಬ ನಿಯಮ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ರೀತಿ.

ತಂದೆತಾಯಿಗಳು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ನಿಯಮಗಳಲ್ಲಿ, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರೂ ಅರ್ಜಿ ಹಾಕಲು ಅರ್ಹರು. ಕಬಡ್ಡಿಯೂ ಆ ಆಟಗಳ ಪಟ್ಟಿಯಲ್ಲಿದೆ. ಇದು ಕೆಲಸದ ಭರವಸೆ ಅಲ್ಲ. ಹುದ್ದೆಗಳು ಕೆಲವೇ, ಕೇಳುವವರು ಸಾವಿರಾರು. ಬಾಗಿಲ ತನಕ ಹೋಗಲು ಒಂದು ಚೀಟಿ, ಅಷ್ಟೆ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯಿಂದ ಹೊರಟ ಮಮತಾ ಪೂಜಾರಿಯವರು ರೈಲ್ವೆ ತಂಡದಲ್ಲಿ ಆಡುತ್ತ, 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ತಂಡಗಳಲ್ಲಿದ್ದು, 2014ರ ಅರ್ಜುನ ಪ್ರಶಸ್ತಿ ಪಡೆದರು. ಅಂಥವರು ಒಬ್ಬಿಬ್ಬರು. ಅವರನ್ನು ತೋರಿಸಿ ಪ್ರತಿ ಮಗುವಿಗೂ ಆಸೆ ಹುಟ್ಟಿಸುವುದು ತಪ್ಪು. ಅಂಥವರು ಒಬ್ಬಿಬ್ಬರೇ ಎಂದು ಹೇಳಿ ಪ್ರತಿ ಮಗುವನ್ನೂ ಮನೆಯಲ್ಲಿ ಕೂರಿಸುವುದೂ ತಪ್ಪೇ.

ಓದು ಮತ್ತು ಆಟ ಒಂದನ್ನೊಂದು ತಿಂದುಹಾಕುತ್ತವೆ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ಒಂದು ಹಳೆಯ ಉತ್ತರವಿದೆ. ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮದರಾಸಿನಲ್ಲಿ ಮೊದಲ ಟೆಸ್ಟ್ ಆಡಿದರು, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋದರು. ಹಿಂದಿರುಗಿ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದು ಮುಗಿಸಲು ನಿಂತರು. ಮತ್ತೆ ಅವರು ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ. ಐದು ವರ್ಷ! ಬೇರೆಯವರಾಗಿದ್ದರೆ ಜನ ಮರೆತೇಬಿಡುತ್ತಿದ್ದರು. ಪ್ರಸನ್ನ ಆಟದಿಂದ ನಿವೃತ್ತರಾಗುವಾಗ 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಅವರ ಹೆಸರಿನಲ್ಲಿತ್ತು. ಪದವಿಯೂ ಇತ್ತು.

ಇರಲಿ. ಮಂಗಳವಾರ ಅಪ್ಪ ಅರ್ಧ ದಿನ ರಜ ಹಾಕಿ ಕಾಲೇಜಿಗೆ ಹೋದ. ಮಗಳನ್ನು ಕಾಲೇಜಿಗೆ ಸೇರಿಸಿದ ಮೇಲೆ ಆತ ಅಲ್ಲಿಗೆ ಹೋದದ್ದು ಅದೇ ಮೊದಲು. ದೈಹಿಕ ಶಿಕ್ಷಣ ನಿರ್ದೇಶಕರು ಆತನನ್ನು ಭೌತಶಾಸ್ತ್ರ ವಿಭಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಮೇಡಂ ಪಟ್ಟಿಯನ್ನೂ ವೇಳಾಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಪರೀಕ್ಷೆ ನಡೆಯುವುದು ನಾಲ್ಕು ತಂಡಗಳಲ್ಲಿ, ಕೊನೆಯ ತಂಡದ ಸರದಿ ಮುಂದಿನ ಸೋಮವಾರ. "ಅವಳನ್ನು ಕೊನೆಯ ಬ್ಯಾಚಿಗೆ ಹಾಕಬಹುದು. ಆದರೆ ಹೋಗೋ ಮೊದಲು ರೆಕಾರ್ಡ್ ಪೂರ್ತಿ ಬರೆದು ಸಹಿ ಹಾಕಿಸಿಕೊಂಡು ಹೋಗಬೇಕು" ಎಂದರು. ಎರಡು ದಿನ ಮನೆಯನ್ನೇ ಸುಡುತ್ತಿದ್ದ ಸಮಸ್ಯೆ ಐದು ನಿಮಿಷದಲ್ಲಿ ಮುಗಿಯಿತು. ಎಲ್ಲ ಕಾಲೇಜಿನಲ್ಲೂ ಹೀಗಾಗುತ್ತದೆಂದು ಹೇಳಲಾಗದು. ಆದರೆ ಕೇಳದೆಯೇ 'ಆಗುವುದಿಲ್ಲ' ಎಂದು ತೀರ್ಮಾನಿಸುವ ಮನೆಗಳು ಬಹಳ.

ಆಮೇಲಿನ ಮೂರು ರಾತ್ರಿ ಹುಡುಗಿ ರೆಕಾರ್ಡ್ ಬರೆದಳು. ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತ, ಮಗಳಿಗೆ ನಿದ್ದೆ ಬಂದಾಗಲೆಲ್ಲ ಮೊಣಕೈ ತಿವಿದಳು. ಹೊರಡುವ ದಿನ ತಾತ ತಮ್ಮ ನೀಲಿ ಬ್ಲೇಜರನ್ನು ತೆಗೆದು, "ರೈಲಲ್ಲಿ ಚಳಿ" ಎಂದರು. ಅದು ಆಕೆಯ ಮೊಣಕಾಲ ತನಕ ಬರುತ್ತಿತ್ತು. ನಗುತ್ತಲೇ ತೆಗೆದುಕೊಂಡು ಹೋದಳು.

ತಂಡ ಮೊದಲ ಎರಡು ಪಂದ್ಯಗಳನ್ನು ಗೆದ್ದಿತು. ಮೂರನೆಯದು ಆತಿಥೇಯರ ಮೇಲೆ. ಆ ನಾಡಿನಲ್ಲಿ ಈ ಆಟ ಮನೆಮಾತು. ಗ್ಯಾಲರಿಯ ತುಂಬ ಅವರ ಜನ. ಕೊನೆಯ ನಿಮಿಷದಲ್ಲಿ ಅಂಕ ಸಮ. ಎದುರಿನ ರೈಡರ್ ಎಡ ಮೂಲೆಯ ಕಡೆಗೇ ಕಾಲು ಚಾಚಿದಳು. ಹುಡುಗಿ ಬಿದ್ದು ಗಂಟು ಹಿಡಿದಳು. ಹಿಡಿತ ಸಿಕ್ಕಿತು. ಆದರೆ ಬಲಗೈಯ ತೋರುಬೆರಳು ಮ್ಯಾಟಿಗೂ ಎದುರಾಳಿಯ ಹಿಮ್ಮಡಿಗೂ ನಡುವೆ ಸಿಕ್ಕಿಕೊಂಡು ಮಡಿಸಿತು. ಸಹಾಯಕ್ಕೆ ಬಂದ ಕವರ್ ಆಟಗಾರ್ತಿಯರಿಬ್ಬರೂ ಮೈ ಮುಟ್ಟಿದ್ದರು. ಒಂದು ಎಳೆತಕ್ಕೆ ಹಿಡಿತ ಜಾರಿತು, ರೈಡರ್ ಗೆರೆ ಮುಟ್ಟಿದಳು. ಒಂದೇ ಸಲಕ್ಕೆ ಮೂರು ಅಂಕ. ಪಂದ್ಯ ಹೋಯಿತು, ಪಂದ್ಯಾವಳಿಯೂ ಹೋಯಿತು.

ರಾತ್ರಿ ಮನೆಗೆ ಫೋನ್ ಮಾಡಿದಾಗ ಹುಡುಗಿ, "ನನ್ನಿಂದ ಹೋಯ್ತಪ್ಪ" ಎಂದಳು. ಅಪ್ಪನಿಗೆ ಏನು ಹೇಳಬೇಕೆಂದು ತೋಚಲಿಲ್ಲ. "ಬೆರಳಿಗೆ ಐಸ್ ಇಟ್ಕೊಂಡ್ಯಾ?" ಎಂದಷ್ಟೇ ಕೇಳಿದ.

ಉಳಿದ ಮಾತು ಆತನಿಗೆ ಗೊತ್ತಾದದ್ದು ತಂಡ ಹಿಂದಿರುಗಿದ ದಿನ ಯಶವಂತಪುರ ನಿಲ್ದಾಣದಲ್ಲಿ. ತಂಡದ ವ್ಯವಸ್ಥಾಪಕಿ ಹೇಳಿದರು. ಪಂದ್ಯ ಮುಗಿದ ಮೇಲೆ ಗೆದ್ದ ತಂಡದ ತರಬೇತುದಾರ್ತಿ, ನಡುವಯಸ್ಸು ದಾಟಿದ ಹೆಂಗಸು, ಕೊರಳಲ್ಲಿ ಸೀಟಿ ತೂಗಿಹಾಕಿಕೊಂಡೇ ಇವರ ಬಳಿ ಬಂದು ತಮಿಳಿನಲ್ಲಿ ಕೇಳಿದರಂತೆ: "ಆ ಲೆಫ್ಟ್ ಕಾರ್ನರ್ ಹುಡುಗಿ ಯಾವ ವರ್ಷ ಓದ್ತಿದ್ದಾಳೆ? ಮುಂದಿನ ಸಲವೂ ಬರ್ತಾಳಾ?" ಬರುತ್ತಾಳೆ, ಇನ್ನೂ ಒಂದು ವರ್ಷವಿದೆ ಎಂದು ಇವರು ಹೇಳಿದ್ದಕ್ಕೆ, "ಹಾಗಾದರೆ ನಮ್ಮ ಹುಡುಗಿಯರಿಗೆ ಈಗಿಂದಲೇ ಇನ್ನೊಂದು ಕಡೆಯಿಂದ ಹೋಗೋದು ಕಲಿಸಬೇಕು" ಎಂದು ನಕ್ಕು ಹೋದರಂತೆ.

ಅಪ್ಪ ಮಗಳ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡ. ಮೆಟ್ರೋ ಹತ್ತಿ ಕೂತಮೇಲೆ, ಗೊರಗುಂಟೆಪಾಳ್ಯ ದಾಟುವಾಗ, "ಕಸ್ಟಮರ್ ಇನ್‌ಸ್ಪೆಕ್ಷನ್ ಪಾಸ್ ಆಯ್ತು ಬಿಡು" ಎಂದ. ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಸೋಮವಾರ ಆಕೆಯ ಪಾಲಿಗೆ ಬಂದದ್ದು ನ್ಯೂಟನ್ ಉಂಗುರಗಳ ಪ್ರಯೋಗ. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಮಸೂರದ ಕೆಳಗೆ ಮೂಡುವ ಕಪ್ಪು ಉಂಗುರಗಳನ್ನು ಚಲಿಸುವ ಸೂಕ್ಷ್ಮದರ್ಶಕದಿಂದ ಒಂದೊಂದಾಗಿ ಅಳೆಯಬೇಕು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಒಮ್ಮೆ ಮುಂದೆ ಹೋದರೆ ಹಿಂದಕ್ಕೆ ತಿರುಗಿಸಬಾರದು. ತೋರುಬೆರಳಿಗೆ ಪಟ್ಟಿ ಸುತ್ತಿದ್ದರಿಂದ ಹೆಬ್ಬೆರಳು ಮತ್ತು ಮಧ್ಯದ ಬೆರಳಿನಿಂದ ತಿರುಗಿಸಿದಳು. ಉಳಿದವರಿಗಿಂತ ಇಪ್ಪತ್ತು ನಿಮಿಷ ಹೆಚ್ಚು ಬೇಕಾಯಿತು. ಮೇಡಂ ಗಡಿಯಾರ ನೋಡಿದರು, ಏನೂ ಹೇಳಲಿಲ್ಲ. ನಕ್ಷೆಯ ಮೇಲೆ ಬಿಂದುಗಳು ನೆಟ್ಟಗೆ ಒಂದು ಸರಳರೇಖೆಯಲ್ಲಿ ಬಂದು ಕೂತವು.

ವಿಶ್ವವಿದ್ಯಾಲಯದ ಬ್ಲೂ ಪಟ್ಟಿ ಇನ್ನೂ ಬಂದಿಲ್ಲ. ಅದರಲ್ಲಿ ಹೆಸರು ಇರಬಹುದು, ಇಲ್ಲದಿರಬಹುದು. ತಾತ ದಿನಕ್ಕೊಮ್ಮೆ ವಿಚಾರಿಸುತ್ತಾರೆ. ಅಪ್ಪ ಆ ಮಾತು ಎತ್ತುವುದಿಲ್ಲ. ಬೆರಳು ವಾಸಿಯಾಗಿ ಅಭ್ಯಾಸ ಮತ್ತೆ ಶುರುವಾದ ಮೇಲೆ, ಸಂಜೆ ಮಗಳು ಮನೆಗೆ ಬಂದು ಚೀಲ ಕೆಳಗಿಟ್ಟ ಕೂಡಲೇ ಆತ ಕೇಳುವ ಪ್ರಶ್ನೆ ಒಂದೇ:

"ಇವತ್ತು ಎಷ್ಟು ಜನರನ್ನು ಹಿಡಿದೆ?"